ಟ್ರಾಕ್ಟರಿಗೆ ಬಳಿದು ಉಳಿದ ವಿಭೂತಿ

ಪಾಂಡವಪುರ
8 ಜುಲೈ 2024

ಮಾನ್ಯ ಚಿಕ್ಕಬೋರಮ್ಮನವರಿಗೆ ನಮಸ್ಕಾರಗಳು.

ನನ್ನ ಹೆಸರು ರಂಜಿತ. ಹೋದ ವರ್ಷ ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದೆ. ನಿಮ್ಮ ತಮ್ಮನ ಮಗ ರವೀಂದ್ರ ಅವರು ನಿಮಗೆ ಶ್ರೀರಂಗಪಟ್ಟಣದಲ್ಲಿ ಸನ್ಮಾನ ಮಾಡಲು ಒಂದು ಸಮಿತಿ ಕಟ್ಟಿದ್ದಾರೆ. ನವೆಂಬರಿನಲ್ಲಿ, ರಾಜ್ಯೋತ್ಸವದ ಜೊತೆಗೇ ಕಾರ್ಯಕ್ರಮ. ಅಂದು ನಿಮ್ಮ ಬದುಕಿನ ಬಗ್ಗೆ ಮತ್ತು ನಿಮ್ಮ ಅಮೂರ್ತ ಚಿತ್ರಗಳ ಬಗ್ಗೆ ಒಂದು ಸಣ್ಣ ಪುಸ್ತಕ ಬಿಡುಗಡೆಯಾಗಬೇಕು. ಅದನ್ನು ಬರೆಯುವ ಕೆಲಸ ನನಗೆ ಕೊಟ್ಟಿದ್ದಾರೆ. ಪುಸ್ತಕ ಚೆನ್ನಾಗಿ ಬಂದರೆ ತಮ್ಮ ಕಾಲೇಜಿನಲ್ಲಿ ಉಪನ್ಯಾಸಕಿಯ ಕೆಲಸ ಕೊಡುವುದಾಗಿಯೂ ರವೀಂದ್ರ ಅವರು ಹೇಳಿದ್ದಾರೆ.

ನಾನು ಎರಡು ಸಲ ಅರಕೆರೆಗೆ ಬಂದಿದ್ದೆ. ಎರಡು ಸಲವೂ ನಿಮ್ಮ ಹಳೆಯ ಆಲೆಮನೆಯ ಬಾಗಿಲು ಅರ್ಧ ತೆರೆದಿತ್ತು. ನೀವು ನೆಲಕ್ಕೆ ಹಾಸಿದ ಕ್ಯಾನ್ವಾಸಿನ ಸುತ್ತ ನಡೆಯುತ್ತಿದ್ದಿರಿ. ಕರೆಯಲು ಬಾಯಿ ಬರಲಿಲ್ಲ, ಮುಂದಿನ ಬಸ್ಸಿಗೆ ವಾಪಸಾದೆ. ಫೋನು ಮಾಡಿದರೆ ನೀವು ಎತ್ತುವುದಿಲ್ಲವಂತೆ. ನನಗೂ ಎದುರು ನಿಂತು ಕೇಳುವುದಕ್ಕಿಂತ ಕಾಗದದಲ್ಲಿ ಕೇಳುವುದೇ ಸುಲಭ.

ನೀವು ಎಲ್ಲಿ ಕಲಿತಿರಿ, ಯಾವ ಯಾವ ಊರಿನಲ್ಲಿ ಇದ್ದಿರಿ, ಇಂಥ ಚಿತ್ರಗಳನ್ನು ಯಾಕೆ ಬರೆಯತೊಡಗಿದಿರಿ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ. ಮಾದರಿಗೆಂದು ಪುಸ್ತಕದ ಮೊದಲ ಪುಟವನ್ನು ಇದರ ಜೊತೆ ಇಟ್ಟಿದ್ದೇನೆ. ತಪ್ಪಿದ್ದರೆ ತಿದ್ದಿ.

ಗೌರವದಿಂದ,
ರಂಜಿತ


ಅರಕೆರೆ
17 ಜುಲೈ 2024

ರಂಜಿತ,

ಮಾನ್ಯ, ಗೌರವ, ಉಪಕಾರ, ಇವನ್ನೆಲ್ಲ ತಾಲ್ಲೂಕು ಕಚೇರಿಗೆ ಅರ್ಜಿ ಬರೆಯುವಾಗ ಬಳಸಿಕೋ.

ನಿನ್ನ ಮೊದಲ ಪುಟ ಓದಿದೆ. ‘ಮಣ್ಣಿನ ಮಗಳು’ ಎಂದು ಶುರು ಮಾಡಿದ್ದೀಯ. ನಾನು ನಂಜಪ್ಪನ ಮಗಳು. ‘ಕಾವೇರಿಯ ಜುಳುಜುಳು ಇವರ ಕುಂಚದಲ್ಲಿ ಹರಿಯುತ್ತದೆ’ ಎಂದಿದ್ದೀಯ. ನನ್ನ ಸ್ವಂತ ಚಿತ್ರಕ್ಕೆ ಕುಂಚ ಹಿಡಿಯುವುದನ್ನು ಬಿಟ್ಟು ಮೂವತ್ತು ವರ್ಷವಾಯಿತು. ಅಪ್ಪ ಬೆಲ್ಲದ ಪಾಕ ತಿರುವುತ್ತಿದ್ದ ಮರದ ಹುಟ್ಟಿನಿಂದ ಬಣ್ಣ ಸುರಿಯುತ್ತೇನೆ, ಕೊಪ್ಪರಿಗೆ ಕೆರೆಯುತ್ತಿದ್ದ ಗೋರೆಯಿಂದ ಅದನ್ನು ಎಳೆಯುತ್ತೇನೆ. ನೀನು ಬಾಗಿಲಲ್ಲಿ ನಿಂತು ನೋಡಿದ್ದೀಯ, ಆದರೂ ಕುಂಚ ಎಂದು ಬರೆದಿದ್ದೀಯ. ಕಣ್ಣು ಇದ್ದದ್ದು ಯಾಕೆ? ಇನ್ನು ಜುಳುಜುಳು. ನಮ್ಮೂರಿಗೆ ಬರುವುದು ಕಾಲುವೆ. ನೀರು ಬಿಟ್ಟ ದಿನ ಅದರಲ್ಲಿ ಮೊದಲು ಬರುವುದು ಪ್ಲಾಸ್ಟಿಕ್ ಬಾಟಲಿ.

‘ನೆಲದ ಸೊಗಡು’ ಒಂದೇ ಪುಟದಲ್ಲಿ ನಾಲ್ಕು ಕಡೆ ಇದೆ. ಎಂ.ಎ.ಯಲ್ಲಿ ಇದನ್ನು ಸಗಟಾಗಿ ಕೊಡುತ್ತಾರೇನು?

ರವೀಂದ್ರನ ವಿಷಯ. ಅವನು ಈ ಆಲೆಮನೆಯೊಳಗೆ ಕಾಲಿಟ್ಟಿದ್ದು ಒಂದೇ ಸಲ. ನಾನು ಆರು ತಿಂಗಳು ಕೂತು ಮಾಡಿದ ಚಿತ್ರದ ಮುಂದೆ ನಿಂತು, “ಅತ್ತೆ, ಇದೇನು ಚೆಲ್ಲೋಗದೆ? ಒರೆಸೋಕೆ ಯಾರ್ನಾದ್ರೂ ಕಳುಸ್ಲಾ?” ಅಂದ. ಅವನಿಗೆ ಈಗ ಚುನಾವಣೆ ಇದೆ. ಫ್ಲೆಕ್ಸಿನ ಮೇಲೆ ಹಾಕಲು ಒಬ್ಬ ಅತ್ತೆ ಬೇಕು. ನಾನು ಬಿಟ್ಟರೆ ಅವನಿಗೆ ಬೇರೆ ಅತ್ತೆಯಿಲ್ಲ.

ಬರುವುದಾದರೆ ಬಾ. ಬಾಗಿಲಲ್ಲಿ ನಿಂತು ಹೋದವಳು ನೀನೋ? ಕೊಬ್ಬರಿ ಕದಿಯಲು ಬಂದವಳು ಅಂದುಕೊಂಡಿದ್ದೆ. ಒಂದೇ ಷರತ್ತು. ನನ್ನ ಚಿತ್ರಗಳಿಗೆ ಹೆಸರಿಲ್ಲ. ಇದೇನು ಎಂದು ಕೇಳಿದರೆ ಎದ್ದು ಹೋಗು ಅನ್ನುತ್ತೇನೆ.

ಚಿಕ್ಕಬೋರಮ್ಮ


ಪಾಂಡವಪುರ
6 ಆಗಸ್ಟ್ 2024

ಅಮ್ಮ,

ಮೊನ್ನೆ ಬಂದು ಮಧ್ಯಾಹ್ನದವರೆಗೆ ಕೂತಿದ್ದೆ. ನೀವು ಗೋರೆ ಎಳೆಯುತ್ತಲೇ ಇದ್ದಿರಿ. ಹೊರಡುವಾಗ ಮುದ್ದೆ ಉಣ್ಣು ಎಂದಿರಿ. ಉಂಡೆ. ಸೊಪ್ಪಿನ ಸಾರು ಚೆನ್ನಾಗಿತ್ತು ಎಂದು ಆಗ ಹೇಳಲು ಆಗಲಿಲ್ಲ, ಈಗ ಹೇಳುತ್ತಿದ್ದೇನೆ.

ಹಿಂದಿನ ಗೋಡೆಗೆ ಒರಗಿಸಿದ್ದ ದೊಡ್ಡ ಚಿತ್ರವನ್ನೇ ನೋಡುತ್ತಿದ್ದೆ. ಮನೆಗೆ ಬಂದು ಅದರ ಬಗ್ಗೆ ಒಂದು ಪುಟ ಬರೆಯಲು ಕೂತೆ. ಕಪ್ಪಿನ ಕೆಳಗೆ ಹಳದಿ ಇದೆ, ಹಳದಿಯನ್ನು ಗೋರೆ ಕೆರೆದುಕೊಂಡು ಹೋಗಿದೆ, ಬಲಗಡೆ ಬಿಳಿ ದಪ್ಪವಾಗಿ ನಿಂತಿದೆ. ಇಷ್ಟೇ ಬರೆಯಲು ಆಯಿತು. ಅದು ‘ಹಾಗೆ’ ಇದೆ, ‘ಹೀಗೆ’ ಇದೆ ಎಂದು ಮುಂದಿನ ವಾಕ್ಯ ಬರೆಯುವಾಗಲೆಲ್ಲ ಸುಳ್ಳು ಹೇಳುತ್ತಿದ್ದೇನೆ ಅನ್ನಿಸಿ ಹೊಡೆದುಹಾಕಿದೆ. ಅದು ಯಾವುದನ್ನೂ ಹೋಲುವುದಿಲ್ಲ. ನಮಗೆ ಕ್ಲಾಸಿನಲ್ಲಿ ಕಲಿಸಿದ್ದೆಲ್ಲ ಹೋಲಿಕೆಗಳನ್ನೇ.

ಮೊದಲ ಪುಟ ಹರಿದುಹಾಕಿದ್ದೇನೆ. ನಿಮ್ಮ ಬದುಕಿನ ಸಂಗತಿಗಳನ್ನು ನೀವೇ ಬರೆದು ಕಳಿಸಿದರೆ ನಾನು ಅಲಂಕಾರ ಮಾಡದೆ ಬರೆಯುತ್ತೇನೆ.

ರಂಜಿತ


ಅರಕೆರೆ
29 ಆಗಸ್ಟ್ 2024

ರಂಜಿತ,

ಹರಿದುಹಾಕಿದ್ದು ಒಳ್ಳೆಯದಾಯಿತು. ನೀನು ಕಳಿಸಿದ ಮೂರು ಬಣ್ಣದ ವಾಕ್ಯ ಪರವಾಗಿಲ್ಲ.

ಬರೆದುಕೋ. ಮೈಸೂರಿನಲ್ಲಿ ಐದು ವರ್ಷ ಚಿತ್ರಕಲೆ ಕಲಿತೆ. ತರಗತಿಯಲ್ಲಿ ನಾವು ಇಬ್ಬರು ಹೆಂಗಸರು. ಇನ್ನೊಬ್ಬಳು ರಂಗೋಲಿಯ ಪುಸ್ತಕ ಮಾಡಿ ಚೆನ್ನಾಗಿದ್ದಾಳೆ. ಆಮೇಲೆ ನಾಗಮಂಗಲಕ್ಕೆ ಮದುವೆ ಮಾಡಿ ಕಳಿಸಿದರು. ಗಂಡ ಕೆಟ್ಟವನಲ್ಲ. ನಾನು ಹಜಾರದಲ್ಲಿ ಬಟ್ಟೆ ಹಾಸಿ ಬಣ್ಣ ಸುರಿದರೆ, ಬಂದವರಿಗೆ “ನಮ್ಮೋಳ್ಗೆ ಮೈ ಸರಿಯಿಲ್ಲ” ಅನ್ನುತ್ತಿದ್ದ. ಅತ್ತೆ ದೇವಸ್ಥಾನದಿಂದ ತಾಯಿತ ತಂದು ಕಟ್ಟಿಸಿದಳು. ಎರಡು ವರ್ಷ ತಾಯಿತ ಕಟ್ಟಿಕೊಂಡೇ ಬಣ್ಣ ಸುರಿದೆ. ಒಂದು ದಿನ ಆ ಬಟ್ಟೆಯನ್ನು ಭತ್ತ ಒಣಗಿಸಲು ಹಾಸಿದ್ದರು. ಅದನ್ನು ಸುತ್ತಿಕೊಂಡು ಬಸ್ಸು ಹತ್ತಿದೆ, ಹಿಂದಕ್ಕೆ ಹೋಗಲಿಲ್ಲ. ನಿನ್ನ ಪುಸ್ತಕದಲ್ಲಿ ಇದನ್ನು ‘ಹೋರಾಟ’ ಎಂದು ಕರೆಯಬೇಡ. ಭತ್ತದ ಧೂಳು ಬಣ್ಣಕ್ಕೆ ಅಂಟಿಕೊಂಡಿತ್ತು, ಅದಕ್ಕೆ ಬೇಜಾರಾಯಿತು, ಅಷ್ಟೇ.

ಆಮೇಲೆ ಕೆ.ಆರ್. ಪೇಟೆಯಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಮೂವತ್ತು ವರ್ಷ ಮಕ್ಕಳಿಗೆ ಮಾವಿನಕಾಯಿ, ಹೂಜಿ, ನವಿಲು ಬರೆಯಿಸಿದೆ. ಹೆಡ್‌ಮಾಸ್ತರರಿಗೆ ಪ್ರತಿ ಆಗಸ್ಟ್‌ನಲ್ಲಿ ನಾಯಕರ ಮುಖಗಳು ಬೇಕು. ಮೀಸೆ ಚೆನ್ನಾಗಿ ಬಂದರೆ ಸಾಕು, “ಏನ್ ಕೈ ಕಣಮ್ಮ ನಿಂದು!” ಅನ್ನುತ್ತಿದ್ದರು. ನನ್ನ ಸ್ವಂತ ಕೆಲಸ ಭಾನುವಾರ, ಬಾಡಿಗೆ ಮನೆಯ ತಾರಸಿಯ ಮೇಲೆ, ಮನೆಗೆ ಬಳಿಯುವ ಎನಾಮಲ್ ಪೇಂಟಿನಲ್ಲಿ.

ಒಂದು ಸಲ ಚಿತ್ರಗಳನ್ನು ಸುರುಳಿ ಸುತ್ತಿಕೊಂಡು ಬೆಂಗಳೂರಿನ ಒಂದು ದೊಡ್ಡ ಗ್ಯಾಲರಿಗೆ ಹೋದೆ. ಎಂಬತ್ತೇಳನೆಯ ಇಸವಿ. ಅಲ್ಲಿನ ಯಜಮಾನರು ನೋಡಿದರು. ಚೆನ್ನಾಗಿವೆ ಅಂದರು. “ಇದನ್ನು ಬರೆದವರು ನಿಮ್ಮ ಯಜಮಾನರಾ? ಅವರನ್ನು ಕಳಿಸಿ” ಅಂದರು. ನಾನೇ ಬರೆದದ್ದು ಅಂದೆ. ಆಗ ಇನ್ನೊಂದು ಸಲ ನೋಡಿದರು. ಎರಡನೆಯ ಸಲ ನೋಡಿದಾಗ ಚಿತ್ರದಲ್ಲಿ ಶಿಸ್ತು ಕಮ್ಮಿ ಅನ್ನಿಸಿತಂತೆ.

ಆ ವರ್ಷದ ಗಂಡಸು ಕಲಾವಿದರೆಲ್ಲ ಈಗ ಹಿರಿಯರು. ಒಬ್ಬರಿಗೊಬ್ಬರು ಶಾಲು ಹೊದಿಸುತ್ತಾ ಬದುಕುತ್ತಿದ್ದಾರೆ.

ನೀನು ನೋಡಿದ ದೊಡ್ಡ ಚಿತ್ರಕ್ಕೆ ನಾಲ್ಕು ವರ್ಷ ಹಿಡಿಯಿತು. ನನ್ನ ಕೈಯಲ್ಲಿ ಆಗಬಹುದಾದದ್ದು ಅದೇ. ಅದಕ್ಕಿಂತ ದೊಡ್ಡದು ಇನ್ನು ಆಗುವುದಿಲ್ಲ, ಮಂಡಿ ಬಗ್ಗುವುದಿಲ್ಲ. ಅದನ್ನು ಕಣ್ಣಿರುವವರು ಯಾರಾದರೂ ಒಂದು ಸಲ ನೋಡಬೇಕು ಎಂಬ ಆಸೆ ನನಗೂ ಇದೆ. ಇದನ್ನು ರವೀಂದ್ರನಿಗೆ ಹೇಳಬೇಡ.

ಚಿಕ್ಕಬೋರಮ್ಮ


ಪಾಂಡವಪುರ
30 ಸೆಪ್ಟೆಂಬರ್ 2024

ಅಮ್ಮ,

ಸಮಿತಿಯ ಸಭೆ ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನ ಕಲ್ಯಾಣ ಮಂಟಪದಲ್ಲಿ ನಡೆಯಿತು. ಕಾರ್ಯಕ್ರಮವೂ ಅಲ್ಲೇ. ವೇದಿಕೆ ಅಗಲವಾಗಿದೆ, ಖಾಲಿ ಕಾಣುತ್ತದೆ ಎಂಬುದು ಅವರ ಚಿಂತೆ. ರವೀಂದ್ರ ಅವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ನೋಡವ್ವ, ಫ್ಲೆಕ್ಸು ಎಲ್ರೂ ಆಕ್ತಾರೆ. ಅತ್ತೆ ಅತ್ರ ಒಂದು ದೊಡ್ಡ ಬಟ್ಟೆ ಅದಲ್ಲ, ಅದ ತಂದು ನಿಲ್ಸುಬುಟ್ರೆ ಸ್ಟೇಜು ತುಂಬ್ಕತದೆ. ನಾ ಕೇಳುದ್ರೆ ಪೊರಕೆ ತಗತಾರೆ. ನೀನ್ ಕೇಳು.”

ನಾನು ಒಂದು ಮಾತು ಕೇಳಿದೆ, ನೋಡಲು ಯಾರು ಬರುತ್ತಾರೆ ಎಂದು. ಬೆಂಗಳೂರಿನ ಗ್ಯಾಲರಿಯವರೊಬ್ಬರನ್ನು ಯಾರದೋ ಮೂಲಕ ಕರೆಸುತ್ತಿದ್ದಾರಂತೆ. ನೀವು ಎಂಬತ್ತೇಳರಲ್ಲಿ ಹೋಗಿದ್ದ ಗ್ಯಾಲರಿಯೇ. ಈಗ ಅದನ್ನು ನಡೆಸುತ್ತಿರುವುದು ಆ ಯಜಮಾನರ ಸೊಸೆ.

ಕೊಡಿ ಎಂದು ಕೇಳಲು ನನಗೆ ಹಕ್ಕಿಲ್ಲ. ಕೊಟ್ಟರೆ ಅದಕ್ಕೆ ಏನೂ ಆಗದಂತೆ ನಾನೇ ಜೊತೆಗಿದ್ದು ನೋಡಿಕೊಳ್ಳುತ್ತೇನೆ.

ರಂಜಿತ


ಅರಕೆರೆ
5 ಅಕ್ಟೋಬರ್ 2024

ರಂಜಿತ,

ತೆಗೆದುಕೊಂಡು ಹೋಗು. ಕಬ್ಬು ತುಂಬುವ ಗಾಡಿಯಲ್ಲಿ ಬೇಡ. ಅದಕ್ಕೆ ಹೆಸರು ಬರೆದು ಅಂಟಿಸಬೇಡ. ಹಾರ ಹಾಕಬೇಡ, ದೀಪದ ಕಂಬ ಅದರ ಪಕ್ಕದಲ್ಲಿ ಇಡಬೇಡ. ಮುಟ್ಟಬೇಡ. ಇದು ನಿನ್ನ ಮೇಲಿನ ನಂಬಿಕೆಯಿಂದ ಕೊಡುತ್ತಿರುವುದು ಎಂದುಕೊಳ್ಳಬೇಡ. ನನಗೆ ಆ ಸೊಸೆಯ ಮುಖ ಹೇಗಾಗುತ್ತದೆ ಎಂದು ತಿಳಿಯಬೇಕು.

ನಾನು ಬರುವುದಿಲ್ಲ. ಶಾಲಿನ ಕೆಳಗೆ ಬೆವರಲು ನನಗೆ ಆಗುವುದಿಲ್ಲ.

ಚಿಕ್ಕಬೋರಮ್ಮ


ಪಾಂಡವಪುರ
13 ಅಕ್ಟೋಬರ್ 2024

ಅಮ್ಮ,

ಇದನ್ನು ನಿಮಗೆ ಯಾರಾದರೂ ಹೇಳುವ ಮೊದಲು ನಾನೇ ಬರೆಯಬೇಕು.

ಚಿತ್ರವನ್ನು ಕಾರ್ಯಕ್ರಮದವರೆಗೆಂದು ಕಿರಂಗೂರಿನ ರವೀಂದ್ರ ಅವರ ಮನೆಯಲ್ಲಿ, ಟ್ರಾಕ್ಟರು ನಿಲ್ಲಿಸುವ ಶೆಡ್ಡಿನ ಗೋಡೆಗೆ ಒರಗಿಸಿದ್ದರು. ಮನೆಯೊಳಗೆ ಹಿಡಿಸಲಿಲ್ಲ. ಶುಕ್ರವಾರ ಆಯುಧಪೂಜೆ. ಚಿತ್ರ ಹೇಗಿದೆಯೋ ನೋಡಿಬರೋಣ ಎಂದು ಬೆಳಿಗ್ಗೆಯೇ ಹೋದೆ. ಅಂಗಳದಲ್ಲಿ ಎರಡು ಟ್ರಾಕ್ಟರು, ಕಟಾವಿನ ಯಂತ್ರ, ಕಾರು, ಸ್ಕೂಟರು ಎಲ್ಲ ತೊಳೆದು ಸಾಲಾಗಿ ನಿಲ್ಲಿಸಿದ್ದರು. ಕುಡುಗೋಲು, ಮಚ್ಚು, ಮಿಕ್ಸಿ, ಹಾಲು ಕರೆಯುವ ಮೆಷಿನ್ನು ಒಂದು ಚಾಪೆಯ ಮೇಲಿದ್ದವು. ರವೀಂದ್ರ ಅವರ ತಾಯಿ ಪುಟ್ಟತಾಯಮ್ಮನವರು ಹಿತ್ತಾಳೆ ಬಟ್ಟಲಲ್ಲಿ ವಿಭೂತಿ ಕಲಸಿಕೊಂಡು ಒಂದೊಂದಕ್ಕೂ ಮೂರು ಬೆರಳು ಎಳೆದು ಕುಂಕುಮ ಇಡುತ್ತಾ ಬಂದರು. ಕೊನೆಯ ಟ್ರಾಕ್ಟರಿಗೆ ಬಳಿದ ಮೇಲೆ ಬಟ್ಟಲಲ್ಲಿ ಇನ್ನೂ ಉಳಿದಿತ್ತು. ಗೋಡೆಯ ಕಡೆ ತಿರುಗಿದರು.

“ಅಯ್ಯೋ, ಇದ್ನೇ ಮರ್ತಿದ್ನಲ್ಲ. ಅಕ್ಕ ದುಡಿಯೋದು ಇದ್ರಾಗೇ ತಾನೆ?”

ನಾನು “ಬೇಡ ಅಮ್ಮ, ಅದಕ್ಕೆ ಬೇಡ” ಎಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ.

“ಸುಮ್ಕಿರು ಕೂಸು. ವರ್ಸವೆಲ್ಲ ಕೈ ಆಡಿರೋ ಸಾಮಾನು. ಇದೊಂದ್ನೇ ಬುಟ್ಬುಟ್ರೆ ಅಕ್ಕನ ಕೈಗೆ ಏನಾರ ಆದಾತು.”

ನಡುವೆಯೇ, ಬಿಳಿ ದಪ್ಪವಾಗಿ ನಿಂತಿರುವ ಕಡೆಯಿಂದ ಎಡಕ್ಕೆ, ಮೊಳದುದ್ದ ಮೂರು ಗೆರೆ. ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮ. ಆಮೇಲೆ ಮರದ ಚೌಕಟ್ಟಿಗೆ ಮೊಳೆ ಹೊಡೆದು ಚೆಂಡು ಹೂವಿನ ಸರ ಕಟ್ಟಿದರು. ರವೀಂದ್ರ ಅವರು ಬೂದುಗುಂಬಳ ಒಡೆಯಲು ಬಂದವರು ನೋಡಿ, “ಈಗ ನೋಡು, ಎಂಗೆ ಕಳೆ ಬಂತು!” ಎಂದು ನಕ್ಕರು.

ಹೂವನ್ನು ಆಮೇಲೆ ನಾನೇ ಬಿಚ್ಚಿದೆ. ಗೆರೆಗಳನ್ನು ಮುಟ್ಟಲು ಹೆದರಿಕೆಯಾಯಿತು.

ಅಮ್ಮ, ಅವರು ತಿಳಿದು ಮಾಡಿದ್ದಲ್ಲ. ಅವರ ಕಣ್ಣಿಗೆ ನಿಮ್ಮ ಕೆಲಸ ಉಳುಮೆಯಷ್ಟೇ ನಿಜವಾದದ್ದು. ಬಹುಶಃ ಇಷ್ಟು ವರ್ಷಗಳಲ್ಲಿ ನಿಮಗೆ ಸಿಕ್ಕ ನಿಜವಾದ ಸನ್ಮಾನ ಇದೇ ಇರಬಹುದು.

ರಂಜಿತ


ಅರಕೆರೆ
17 ಅಕ್ಟೋಬರ್ 2024

ರಂಜಿತ,

ಪುಟ್ಟತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳು ಕುಕ್ಕರಿಗೂ ಎಳೆದಿರುತ್ತಾಳೆ. ಎದುರಿಗೆ ಸಿಕ್ಕರೆ ಇಸ್ತ್ರಿಪೆಟ್ಟಿಗೆಗೂ ಎಳೆಯುತ್ತಾಳೆ. ನನ್ನ ನಾಲ್ಕು ವರ್ಷವೂ ಇಸ್ತ್ರಿಪೆಟ್ಟಿಗೆಯೂ ಅವಳಿಗೆ ಒಂದೇ. ಅದರಲ್ಲಿ ನೀನು ಸನ್ಮಾನ ಹುಡುಕಿದೆ ನೋಡು, ಸಿಟ್ಟು ಬಂದದ್ದು ಅದಕ್ಕೆ.

ಒಬ್ಬ ಹೆಂಗಸು ನಾಲ್ಕು ವರ್ಷ ಒಂದು ಗೆರೆ ಎಲ್ಲಿ ನಿಲ್ಲಬೇಕು ಎಂದು ನೋಡಿ ನೋಡಿ ನಿಲ್ಲಿಸುತ್ತಾಳೆ. ಇನ್ನೊಬ್ಬಳು ಬಟ್ಟಲಲ್ಲಿ ಉಳಿಯಿತು ಎಂದು ಅದರ ಮೇಲೆ ಬಳಿಯುತ್ತಾಳೆ. ಓದಿದವಳು ಒಬ್ಬಳು ಪಕ್ಕದಲ್ಲಿ ನಿಂತು ಕಣ್ಣು ಒದ್ದೆ ಮಾಡಿಕೊಂಡು ‘ನೆಲದ ಸೊಗಡು’ ಅನ್ನುತ್ತಾಳೆ. ಆ ಪದ ಬರೆದಿಲ್ಲ ಅಷ್ಟೇ, ವಾಕ್ಯದಲ್ಲಿ ಅದೇ ಇದೆ. ನೀನು ಹರಿದದ್ದು ಕಾಗದವನ್ನು ಮಾತ್ರ.

ಚಿತ್ರ ವಾಪಸ್ ಕಳಿಸು. ಅದನ್ನು ಯಾರೂ ನೋಡುವುದು ಬೇಡ.

ಚಿಕ್ಕಬೋರಮ್ಮ


ಪಾಂಡವಪುರ
6 ನವೆಂಬರ್ 2024

ಅಮ್ಮ,

ನಿಮ್ಮ ಕಾಗದ ಮತ್ತೆ ಮತ್ತೆ ಓದಿದೆ. ನೀವು ಹೇಳಿದ್ದು ಸರಿ. ಅದಕ್ಕಿಂತ ಹೆಚ್ಚು ಬರೆದರೆ ಅದೂ ಅಲಂಕಾರವಾಗುತ್ತದೆ.

ಚಿತ್ರ ವಾಪಸ್ ಕಳಿಸಿ ಎಂದು ರವೀಂದ್ರ ಅವರಿಗೆ ಹೇಳಿದೆ. ಆಗಲಿ ಆಗಲಿ ಎಂದು ವೇದಿಕೆಯ ಮೇಲೆಯೇ ನಿಲ್ಲಿಸಿದರು. ಸನ್ಮಾನ ನಡೆಯಿತು. ನೀವು ಬರದ ಕಾರಣ ಶಾಲನ್ನು ಕುರ್ಚಿಗೆ ಹೊದಿಸಿದರು. ಪುಸ್ತಕ ಇನ್ನೂ ಬರೆದಿರಲಿಲ್ಲವಾದ್ದರಿಂದ ಖಾಲಿ ಹಾಳೆಗಳಿಗೆ ಬಣ್ಣದ ರಟ್ಟು ಹಾಕಿ, ರಿಬ್ಬನ್ ಕಟ್ಟಿ ಬಿಡುಗಡೆ ಮಾಡಿದರು. ಅತಿಥಿಯೊಬ್ಬರು ಅದನ್ನು ತೆರೆದು ನೋಡಿ, ತಲೆಯಾಡಿಸಿ, ‘ಅರ್ಥಪೂರ್ಣವಾದ ಕೃತಿ’ ಎಂದು ಮೈಕಿನಲ್ಲಿ ಹೇಳಿದರು. ನಾನು ಮೊದಲ ಸಾಲಿನಲ್ಲಿದ್ದೆ. ನಗು ತಡೆಯಲು ಸೆರಗು ಕಚ್ಚಿಕೊಂಡೆ.

ಗ್ಯಾಲರಿಯವರು ಬಂದಿದ್ದರು. ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ನಿಮ್ಮ ಹಳದಿಯನ್ನು ನೋಡುತ್ತಿದ್ದಾರೆ ಅಂದುಕೊಂಡೆ. ಅವರು ಬೆರಳು ತೋರಿಸಿದ್ದು ಆ ಮೂರು ಗೆರೆಗೆ. “ಇಷ್ಟು ವರ್ಷ ಪಾಶ್ಚಾತ್ಯ ಶೈಲಿಯಲ್ಲಿ ಬರೆದವರು ಈ ವಯಸ್ಸಿನಲ್ಲಿ ಬೇರಿಗೆ ಮರಳಿದ್ದಾರೆ. ಎಂಥ ಧೈರ್ಯ!” ಎಂದರು. ಆ ಚಿತ್ರವನ್ನು ಕೊಂಡು, ಮಾರ್ಚಿನಲ್ಲಿ ನಿಮ್ಮ ಒಬ್ಬರದೇ ಪ್ರದರ್ಶನ ಮಾಡುತ್ತಾರಂತೆ. ಇಂಥ ಗೆರೆಯಿರುವ ಚಿತ್ರಗಳು ಇನ್ನಷ್ಟು ಬೇಕಂತೆ.

ಅವರು ಹೋದ ಮೇಲೆ ರವೀಂದ್ರ ಅವರು ನನ್ನನ್ನು ಕೂರಿಸಿಕೊಂಡು, “ಗೆರೆ ಅತ್ತೇನೇ ಎಳದ್ರು ಅಂತ ಬರ್ದುಬುಡು. ಯಾರೂ ಕೇಳಾಕಿಲ್ಲ. ಅತ್ತೆಗೂ ಒಳ್ಳೇದು, ನಿನ್ ಕೆಲ್ಸಕ್ಕೂ ಒಳ್ಳೇದು, ತಾಲ್ಲೂಕಿಗೂ ಒಳ್ಳೇದು” ಎಂದರು.

ಗೆರೆ ಯಾರು ಎಳೆದದ್ದು ಎಂದು ಆ ಗ್ಯಾಲರಿಯವರಿಗೆ ನಾನೇ ಬರೆದು ತಿಳಿಸಲೇ? ಹೂಂ ಎಂದು ಒಂದು ಸಾಲು ಕಳಿಸಿ, ಸಾಕು.

ರಂಜಿತ


ಅರಕೆರೆ
27 ನವೆಂಬರ್ 2024

ರಂಜಿತ,

ಕಾಗದ ಬರೆಯಲು ಇಷ್ಟು ದಿನ ಯಾಕೆ ಆಯಿತು ಎಂದು ನೀನು ಯೋಚಿಸಿರುತ್ತೀಯ.

ಆ ಗೋಡೆಗಳು ನನಗೆ ಗೊತ್ತು. ಎತ್ತರವಾಗಿವೆ, ಬಿಳಿಯಾಗಿವೆ, ಮೇಲಿನಿಂದ ಬೆಳಕು ಬೀಳುತ್ತದೆ. ಒಂದು ಮಧ್ಯಾಹ್ನವೆಲ್ಲ ಅಲ್ಲಿ ಸುರುಳಿ ಹಿಡಿದು ಕಾದಿದ್ದೇನೆ. ನನ್ನ ಹಳೆಯ ಚಿತ್ರಗಳೆಲ್ಲ ಆ ಬೆಳಕಿನಲ್ಲಿ ಹೇಗೆ ಕಾಣುತ್ತವೆ ಎಂದು ಒಂದು ಸಲವೂ ನೋಡಿಲ್ಲ. ಇಲ್ಲಿ ಇಲಿ ಕಡಿಯುತ್ತಿವೆ. ನನಗೆ ಎಪ್ಪತ್ತೊಂದು.

ಮೂರು ಗೆರೆ ನೋಡಲು ಬಂದವರ ಕಣ್ಣಿಗೆ ಪಕ್ಕದ ಹಳದಿಯೂ ಬೀಳಬಹುದು.

ನಾನೇ ಎಳೆದೆ ಎಂದು ಬರೆ.

ಚಿಕ್ಕಬೋರಮ್ಮ


ಪಾಂಡವಪುರ
4 ಡಿಸೆಂಬರ್ 2024

ಅಮ್ಮ,

ಬರೆಯುವುದಿಲ್ಲ.

ನನ್ನ ಮೊದಲ ಪುಟವನ್ನು ನೀವು ಹೇಗೆ ಉಗಿದಿರಿ ಎಂದು ನೆನಪಿದೆ. ಮಣ್ಣಿನ ಮಗಳು ಎಂದು ನಾನು ಬರೆದರೆ ತಪ್ಪು. ಅದೇ ಮಾತನ್ನು ಬೆಂಗಳೂರಿನವರು ಹೇಳಿ, ಎತ್ತರದ ಗೋಡೆ ಕೊಟ್ಟರೆ ತಪ್ಪಲ್ಲ. ಹೆಡ್‌ಮಾಸ್ತರರಿಗೆ ಮೀಸೆ ಬರೆದುಕೊಟ್ಟದ್ದನ್ನು ಹೇಳಿ ನಕ್ಕಿರಿ. ಅದು ಹೊಟ್ಟೆಪಾಡು, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಇದು ಏನು?

ರವೀಂದ್ರ ಅವರು ಸುಳ್ಳು ಬರೆ ಎಂದಾಗ ನನಗೆ ಏನೂ ಅನ್ನಿಸಲಿಲ್ಲ. ಅವರಿಂದ ನಾನು ಬೇರೇನೂ ನಿರೀಕ್ಷಿಸಿರಲಿಲ್ಲ. ಕ್ಲಾಸಿನಲ್ಲಿ, ಮನೆಯಲ್ಲಿ, ಸಮಿತಿಯಲ್ಲಿ ಮುಖಸ್ತುತಿ ಕೇಳಿಕೊಂಡು ಬೆಳೆದವಳಿಗೆ, ಒಬ್ಬರಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳುವವರು ಸಿಕ್ಕರು ಅಂದುಕೊಂಡಿದ್ದೆ. ನೀವು ಎಲ್ಲರನ್ನೂ ಬೈಯುತ್ತಿದ್ದದ್ದು ನಿಮ್ಮನ್ನು ಯಾರೂ ಕರೆಯಲಿಲ್ಲ ಎಂಬ ಕಾರಣಕ್ಕೆ ಮಾತ್ರವೇ?

ನಿಮ್ಮ ಎದುರು ನಿಂತು ಇದನ್ನು ಹೇಳಲು ನನಗೆ ಆಗುತ್ತಿರಲಿಲ್ಲ. ಕಾಗದ ಇರುವುದು ಒಳ್ಳೆಯದು.

ಪುಸ್ತಕ ಬರೆಯುವುದಿಲ್ಲ ಎಂದು ರವೀಂದ್ರ ಅವರಿಗೆ ತಿಳಿಸಿದ್ದೇನೆ. ಬೇರೆಯವರು ಬರೆಯುತ್ತಾರಂತೆ. ಒಂದು ವಾರ ಸಾಕಂತೆ. ನಿಮಗೆ ಬೇಕಾದ ವಾಕ್ಯ ಅದರಲ್ಲಿ ಇರುತ್ತದೆ.

ರಂಜಿತ


ಅರಕೆರೆ
20 ಜನವರಿ 2025

ರಂಜಿತ,

ನಿನ್ನ ಕಾಗದ ಬಂದ ದಿನ ಅದನ್ನು ಒಲೆಗೆ ಹಾಕಿದೆ. ಹಾಕಿದ ಮಾತ್ರಕ್ಕೆ ಮರೆಯಲಿಲ್ಲ.

ಮೊನ್ನೆ ಸಂಕ್ರಾಂತಿ ಕಳೆದ ಮೇಲೆ ಗ್ಯಾಲರಿಯವರು ವ್ಯಾನು ಮಾಡಿಕೊಂಡು ಬಂದರು. ದೊಡ್ಡ ಚಿತ್ರವನ್ನು ಕಿರಂಗೂರಿನಿಂದ ಎತ್ತಿಕೊಂಡೇ ಬಂದಿದ್ದರು. ಜೊತೆಗೆ ರವೀಂದ್ರ, ಪುಟ್ಟತಾಯಿ, ಕ್ಯಾಮೆರಾದವರು ಇಬ್ಬರು. ಮಾರ್ಚಿನ ಪ್ರದರ್ಶನಕ್ಕೆ ನನ್ನ ವಿಡಿಯೊ ತೆಗೆಯಬೇಕಂತೆ. ಆಲೆಮನೆಯ ಒಲೆಯ ಬಾಯಿಗೆ ಚಿತ್ರ ನಿಲ್ಲಿಸಿ ಬೆಳಕು ಬಿಟ್ಟರು. ಆ ಸೊಸೆ ಬಹಳ ಮರ್ಯಾದಸ್ಥಳು. ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಆಮೇಲೆ ಒಂದು ಬಟ್ಟಲು ನನ್ನ ಕೈಗೆ ಕೊಟ್ಟಳು. ಅದರಲ್ಲಿ ಕಲಸಿದ ವಿಭೂತಿ. ಅವಳೇ ತಂದಿದ್ದಳು.

“ಒಂದು ಸಲ ಗೆರೆ ಎಳೆದು ತೋರಿಸಿ ಅಮ್ಮ. ಹೇಗೆ ಎಳೆದಿರೋ ಹಾಗೇ.”

ಒಂದು ಹೊಸ ಬಟ್ಟೆ ಮುಂದೆ ಹಿಡಿದರು. ನಾನು ಬೆರಳು ಅದ್ದಿದೆ. ಅಲ್ಲಿಯವರೆಗೆ ಹೋದೆ ಎಂಬುದನ್ನು ನೀನು ತಿಳಿದುಕೋ. ಎಳೆದೆ ಕೂಡ. ಮೂರು ಬೆರಳು, ಎಡಕ್ಕೆ, ಮೊಳದುದ್ದ. ಚೆನ್ನಾಗಿಯೇ ಬಂತು. ಕ್ಯಾಮೆರಾದವನು “ಸೂಪರ್ ಅಮ್ಮ, ಇನ್ನೊಂದ್ಸಲ” ಅಂದ. ಆ ಮಾತು ಕೇಳಿದೊಡನೆ ಕೆ.ಆರ್. ಪೇಟೆಯ ಹೆಡ್‌ಮಾಸ್ತರರೇ ಎದುರಿಗೆ ನಿಂತಂತಾಯಿತು. ಈ ಸಲ ನಾನು ಬರೆದದ್ದು ನನ್ನದೇ ಮೀಸೆ.

“ಇದು ನಾನು ಎಳೆದದ್ದಲ್ಲ. ಇವಳು ಎಳೆದದ್ದು, ಟ್ರಾಕ್ಟರಿಗೆ ಬಳಿದು ಉಳಿದದ್ದರಲ್ಲಿ” ಅಂದೆ.

ರವೀಂದ್ರ ಹಿಂದಿನಿಂದ, “ಅತ್ತೆ! ಏನ್ ಮಾತಾಡ್ತಿದ್ದೀರಿ? ವಯಸ್ಸಾಗದೆ ಮೇಡಂ, ಒಂದೊಂದ್ಸಲ ಅಂಗೇಯ” ಅಂದ.

ಪುಟ್ಟತಾಯಿ, “ವಯಸ್ಸೂ ಇಲ್ಲ ಏನೂ ಇಲ್ಲ ಕಣ್ಲಾ. ನಾನೇ ಅಲ್ವೇನ್ಲಾ ಎಳ್ದಿದ್ದು? ನೀನೂ ಅಲ್ಲೇ ಕುಂಬಳಕಾಯಿ ಇಡ್ಕಂಡು ನಿಂತಿರ್ನಿಲ್ವೇನ್ಲಾ?” ಅಂದಳು.

ನಾನು ಆ ಸೊಸೆಯ ಮುಖ ನೋಡಿದೆ. ಆ ಗ್ಯಾಲರಿಯವರ ಮುಖ ಒಂದು ದಿನ ಬೀಳುತ್ತದೆ ಎಂದು ಎಷ್ಟೋ ವರ್ಷದಿಂದ ಕಾದಿದ್ದೆನಲ್ಲ. ಬೀಳಲಿಲ್ಲ. ಅರಳಿತು. “ಅಯ್ಯೋ, ಇದು ಇನ್ನೂ ಚೆನ್ನಾಗಿದೆ! ಅಂದರೆ ಇಬ್ಬರೂ ಸೇರಿ ಮಾಡಿದ್ದು. ಇದನ್ನೇ ಪ್ರದರ್ಶನದ ವಸ್ತು ಮಾಡೋಣ. ಅಮ್ಮ ಬಣ್ಣ ಹಾಕುವುದು, ಇವರು ಬಂದು ಪೂಜೆ ಮಾಡುವುದು. ಎಲ್ಲ ಚಿತ್ರಕ್ಕೂ!” ಅಂದಳು. ಸುಳ್ಳು ಹೇಳಿದರೂ ಅವರಿಗೆ ಬೇಕು, ನಿಜ ಹೇಳಿದರೂ ಬೇಕು. ಚಿತ್ರವೊಂದು ಬೇಡ.

ಪುಟ್ಟತಾಯಿಯನ್ನು ಚಿತ್ರದ ಮುಂದೆ ನಿಲ್ಲಿಸಿ ಬಟ್ಟಲು ಕೊಟ್ಟರು. ಅವಳು ಕೈ ಹಿಂದೆ ಕಟ್ಟಿಕೊಂಡಳು. “ಇವತ್ ಯಾವ್ ಪೂಜೆ? ಮೈಲಿಗೆ ಕೈ ನಂದು. ಮುಂದಿನ ದಸರಾಕ್ ಬನ್ನಿ” ಅಂದಳು.

ಅಷ್ಟರಲ್ಲಿ ನಾನು ಬಣ್ಣ ಕರಗಿಸುವ ಟರ್ಪಂಟೈನಿನಲ್ಲಿ ಬಟ್ಟೆ ಒದ್ದೆ ಮಾಡಿಕೊಂಡು ಬಂದೆ. ಯಾರಿಗೂ ಹೇಳಲಿಲ್ಲ. ಒರೆಸಿದೆ. ವಿಭೂತಿ ಬೇಗ ಹೋಯಿತು. ಕುಂಕುಮದ ಎಣ್ಣೆ ಒಳಗೆ ಇಳಿದಿತ್ತು, ಉಜ್ಜಿದೆ, ಗೋರೆಯಿಂದ ಕೆರೆದೆ. ಅದರ ಜೊತೆ ನನ್ನ ಬಿಳಿಯೂ ಬಂತು, ಕೆಳಗಿನ ಹಳದಿಯೂ ಬಂತು. ನಡುವೆ ಬರೀ ಬಟ್ಟೆ ಕಾಣತೊಡಗಿತು. ಆ ಸೊಸೆ ಕಿರುಚಿದಳು. ಕ್ಯಾಮೆರಾದವನು ಅದನ್ನೂ ತೆಗೆಯುತ್ತಿದ್ದ. ಅವನ ಕಾಲಿಗೆ ಟರ್ಪಂಟೈನ್ ಚೆಲ್ಲಿದೆ. ಆಗ ನಿಲ್ಲಿಸಿದ.

ಪ್ರದರ್ಶನವಿಲ್ಲ. ರವೀಂದ್ರ ಇನ್ನು ಈ ಕಡೆ ತಲೆ ಹಾಕುವುದಿಲ್ಲವಂತೆ. ಮೊದಲೂ ಹಾಕುತ್ತಿರಲಿಲ್ಲ, ಈಗ ಹೇಳಿ ಹೋದ, ಅಷ್ಟೇ ವ್ಯತ್ಯಾಸ.

ಚಿತ್ರ ಹಾಳಾಗಿದೆ. ನಡುವಿನ ಆ ಜಾಗಕ್ಕೆ ಏನು ಬೇಕು ಎಂದು ದಿನಾ ನೋಡುತ್ತಿದ್ದೇನೆ. ಮಂಡಿ ಊರಿ ಕೂರಲು ಆಗುವುದಿಲ್ಲ, ಹಲಗೆ ಹಾಕಿಸಿಕೊಂಡು ಅದರ ಮೇಲೆ ಬೋರಲು ಮಲಗಿ ಬಣ್ಣ ಬಿಡುತ್ತಿದ್ದೇನೆ.

ಒಬ್ಬರೂ ಕರೆಯಲಿಲ್ಲ ಎಂದು ಬೈಯುತ್ತಿದ್ದೆನೇ ಎಂದು ನೀನು ಕೇಳಿದ್ದೀಯ. ಅರ್ಧ ಹೌದು.

ಚಿಕ್ಕಬೋರಮ್ಮ


ಪಾಂಡವಪುರ
29 ಜನವರಿ 2025

ಅಮ್ಮ,

ನಿಮ್ಮ ಕಾಗದವನ್ನು ಬಸ್ಸಿನಲ್ಲಿ ಓದುತ್ತಾ, ಟರ್ಪಂಟೈನ್ ಚೆಲ್ಲಿದ ಕಡೆಗೆ ಬಂದಾಗ ಜೋರಾಗಿ ನಕ್ಕೆ. ಪಕ್ಕದವರು ಸರಿದು ಕೂತರು.

ಸಮಿತಿಯವರ ಪುಸ್ತಕ ಬಂದಿದೆ. ಮೊದಲ ವಾಕ್ಯದಲ್ಲೇ ನೀವು ಮಣ್ಣಿನ ಮಗಳು. ಕಾಲೇಜಿನ ಕೆಲಸ ಅದನ್ನು ಬರೆದವರಿಗೆ ಆಯಿತು. ನಾನು ಇಲ್ಲೇ ಹತ್ತನೇ ತರಗತಿಯವರಿಗೆ ಟ್ಯೂಷನ್ ಹೇಳುತ್ತಿದ್ದೇನೆ.

ನಿಮ್ಮ ಬದುಕನ್ನು ನಾನು ಬರೆಯಬೇಕೆಂದಿದ್ದೇನೆ. ಯಾರೂ ಹೇಳಿ ಬರೆಸುತ್ತಿಲ್ಲ, ಯಾರು ಅಚ್ಚು ಹಾಕುತ್ತಾರೋ ಗೊತ್ತಿಲ್ಲ. ನಾಗಮಂಗಲದ ಭತ್ತ, ಹೆಡ್‌ಮಾಸ್ತರರ ಮೀಸೆ, ಎಂಬತ್ತೇಳರ ಗ್ಯಾಲರಿ ಎಲ್ಲ ಬರೆಯುತ್ತೇನೆ. ನವೆಂಬರಿನಲ್ಲಿ ‘ನಾನೇ ಎಳೆದೆ ಎಂದು ಬರೆ’ ಎಂದಿರಲ್ಲ, ಅದನ್ನೂ ಬರೆಯುತ್ತೇನೆ. ಕ್ಯಾಮೆರಾದ ಮುಂದೆ ಬೆರಳು ಅದ್ದಿ ಎಳೆದದ್ದನ್ನೂ ಬಿಡುವುದಿಲ್ಲ. ಬೇಡವೆಂದರೆ ಪುಸ್ತಕವನ್ನೇ ಬರೆಯುವುದಿಲ್ಲ. ಅದೊಂದನ್ನು ಬಿಟ್ಟು ಉಳಿದದ್ದು ಬರೆ ಎಂದು ಮಾತ್ರ ಹೇಳಬೇಡಿ.

ರಂಜಿತ


ಅರಕೆರೆ
3 ಫೆಬ್ರವರಿ 2025

ರಂಜಿತ,

ಬರೆ. ಅದರಲ್ಲಿ ಒಂದು ಅಕ್ಷರ ಬಿಟ್ಟರೂ ನೀನು ರವೀಂದ್ರನ ಕಾಲೇಜಿಗೇ ಸರಿ.

ಚಿಕ್ಕಬೋರಮ್ಮ